ನಾಲೆಯ ಜಾಡಿನಲ್ಲಿ ಗೋಲಿಯಾಟ

ಬೆಳಿಗ್ಗೆ ಆರರ ಹೊತ್ತಿಗೆ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋದರೆ ಎರಡು ಬಗೆಯ ಜನ ಕಾಣಸಿಗುತ್ತಾರೆ. ಸಕ್ಕರೆ ಕಾಯಿಲೆಗೆ ಹೆದರಿ ಬಿರುಸಾಗಿ ನಡೆಯುವ ಹಿರಿಯರು ಒಂದು ಕಡೆ. ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುವ ಹುಡುಗ ಹುಡುಗಿಯರು ಇನ್ನೊಂದು ಕಡೆ. ಈ ಎರಡಕ್ಕೂ ಸೇರದ ಮೂರನೆಯ ಗುಂಪು ಹೊರಗೆ, ಬಡಾವಣೆಯ ಮಣ್ಣಿನ ಓಣಿಯಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತದೆ. ಒಂದು ಸಣ್ಣ ಗುಳಿ, ಒಂದು ಗೆರೆ, ಅಂಗಿ ಜೇಬಿನ ತುಂಬ ಗೋಲಿ.

ಈ ಸಂಘಕ್ಕೆ ಅರ್ಜಿ ಫಾರಂ ಇಲ್ಲ, ಅಧ್ಯಕ್ಷ ಕಾರ್ಯದರ್ಶಿಗಳಿಲ್ಲ. ಪ್ರವೇಶ ಶುಲ್ಕ ಎರಡು ಗೋಲಿ. ಬೇಸಿಗೆ ರಜೆ ಶುರುವಾದ ಮೊದಲ ದಿನ ಮೂವರಿದ್ದರೆ ವಾರ ಕಳೆಯುವಷ್ಟರಲ್ಲಿ ಒಂಬತ್ತು ಮಂದಿ. ಒಬ್ಬ ತಮ್ಮನನ್ನು ಕರೆತರುತ್ತಾನೆ, ಇನ್ನೊಬ್ಬ ಊರಿಂದ ಬಂದ ಮಾವನ ಮಗನನ್ನು. ನೋಡುತ್ತಾ ನಿಂತ ಹುಡುಗಿ ಮರುದಿನ ತನ್ನದೇ ಗೋಲಿ ತಂದು ಎಲ್ಲರನ್ನೂ ಸೋಲಿಸುತ್ತಾಳೆ. ರಜೆ ಮುಗಿದು ಶಾಲೆಯ ಗಂಟೆ ಬಾರಿಸಿದ ಮೇಲೆ ಮಾತ್ರ ಸದಸ್ಯರ ಸಂಖ್ಯೆ ಇಳಿಮುಖ. ಬಾಗಿಲಿಂದ ಅಮ್ಮನ ಕೂಗು ಕೇಳುತ್ತದೆ: 'ಗೋಲಿ ಆಡ್ಕಂಡ್ ಕೂತ್ರೆ ಹೊಟ್ಟೆ ತುಂಬ್ತದೇನ್ಲಾ? ಒಳಿಕ್ ಬಂದು ಓದ್ಕೊ!'

ಮಂಡ್ಯ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳದ ತಾಯಿಯಿಲ್ಲ, ಕೇಳಿಸಿಕೊಳ್ಳದ ಮಗನಿಲ್ಲ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೊಂದು ಉತ್ತರವಿದೆಯೇ ಎಂದು ಹುಡುಕಿದರೆ ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಹುಲ್ಲಿನ ಮೇಲಿನ ಗೋಲಿ

ಗೋಲಿಗೆ ದೊಡ್ಡಣ್ಣನಂಥ ಒಂದು ಆಟವಿದೆ. ಹೆಸರು ಲಾನ್ ಬೌಲ್ಸ್. ಚಾಪೆಯಂತೆ ಸಮತಟ್ಟಾಗಿ ಕತ್ತರಿಸಿದ ಹುಲ್ಲಿನ ಅಂಗಳದಲ್ಲಿ ಮೊದಲು ಒಂದು ಪುಟ್ಟ ಚೆಂಡನ್ನು ಉರುಳಿಸಿ ಗುರಿ ಇಡುತ್ತಾರೆ. ಆಮೇಲೆ ಸುಮಾರು ಒಂದೂವರೆ ಕಿಲೋ ತೂಕದ ದೊಡ್ಡ ಚೆಂಡುಗಳನ್ನು ಒಂದೊಂದಾಗಿ ಉರುಳಿಸುತ್ತಾರೆ. ಯಾರ ಚೆಂಡು ಗುರಿಗೆ ಹತ್ತಿರವೋ ಅವರಿಗೆ ಅಂಕ. ಕೇಳಲು ಸುಲಭ. ಆದರೆ ಈ ಚೆಂಡು ಪೂರ್ತಿ ದುಂಡಗಿರುವುದಿಲ್ಲ. ಒಂದು ಮಗ್ಗುಲಿಗೆ ವಾಲುವಂತೆ ಮಾಡಿರುತ್ತಾರೆ. ಹಾಗಾಗಿ ಅದು ನೇರ ಹೋಗದೆ ಬಾಗಿ ಬರುತ್ತದೆ. ಗುರಿಯನ್ನು ನೋಡಿ ಉರುಳಿಸಿದವರು ಸೋಲುತ್ತಾರೆ, ದಾರಿಯನ್ನು ಲೆಕ್ಕ ಹಾಕಿದವರು ಗೆಲ್ಲುತ್ತಾರೆ. ತೋಳ್ಬಲಕ್ಕಿಂತ ತಾಳ್ಮೆ ಮುಖ್ಯ. 1930ರಲ್ಲಿ ನಡೆದ ಮೊದಲ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೇ ಈ ಆಟವಿತ್ತು.

ಭಾರತದಲ್ಲಿ ಇದರ ಹೆಸರು ಬಹುಮಂದಿಗೆ ತಿಳಿದದ್ದು 2022ರ ಆಗಸ್ಟ್ 2ರಂದು. ಬರ್ಮಿಂಗ್‌ಹ್ಯಾಮ್ ಕ್ರೀಡಾಕೂಟದ ಮಹಿಳೆಯರ ನಾಲ್ವರ ವಿಭಾಗದ ಫೈನಲ್‌ನಲ್ಲಿ ಭಾರತ, ದಕ್ಷಿಣ ಆಫ್ರಿಕವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದಿತು. ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾರಾಣಿ ತಿರ್ಕಿ ಆ ನಾಲ್ವರು. ಇವರಲ್ಲಿ ಯಾರೂ ಚಿಕ್ಕಂದಿನಿಂದ ಈ ಆಟ ಆಡಿದವರಲ್ಲ. ಲವ್ಲಿ ಓಟಗಾರ್ತಿಯಾಗಿದ್ದವರು, ನಯನ್‌ಮೋನಿ ಭಾರ ಎತ್ತುತ್ತಿದ್ದವರು, ರೂಪಾರಾಣಿ ಕಬಡ್ಡಿ ಆಡುತ್ತಿದ್ದವರು. ಲವ್ಲಿ ಜಾರ್ಖಂಡ್ ಪೊಲೀಸ್‌ನಲ್ಲಿದ್ದರು, ಪಿಂಕಿ ದೆಹಲಿಯ ಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕಿ. ಚಿನ್ನ ಗೆದ್ದಾಗ ಇವರಿಬ್ಬರೂ ನಲವತ್ತು ದಾಟಿದ್ದರು.

ರಾಂಚಿ, ಗುವಾಹಟಿಯಂಥ ಊರುಗಳಿಗೆ ಈ ಆಟ ಹೇಗೆ ಬಂತು? ಗುವಾಹಟಿಯಲ್ಲಿ 2007ರಲ್ಲಿ, ರಾಂಚಿಯಲ್ಲಿ 2011ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆಯಿತು. ಅದಕ್ಕಾಗಿ ಲಾನ್ ಬೌಲ್ಸ್ ಅಂಗಳಗಳು ಸಿದ್ಧವಾದವು. ಅಂಗಳವಿದ್ದ ಮೇಲೆ ಆಡುವವರು ಬಂದರು. ಆಟಗಾರರು ಹುಟ್ಟಿದ ಮೇಲೆ ಅಂಗಳ ಕಟ್ಟಿದ್ದಲ್ಲ.

ಮದ್ದೂರಿನ ದಾರಿ

ಇದನ್ನು ಮಂಡ್ಯದವರಿಗೆ ವಿವರಿಸಿ ಹೇಳಬೇಕಿಲ್ಲ. ವಿ.ಸಿ. ನಾಲೆಯ ಕಥೆಯೂ ಇದೇ. ಕನ್ನಂಬಾಡಿಯ ನೀರು ಬರುವ ಮುಂಚೆ ಇಲ್ಲಿನ ಬಹುಪಾಲು ನೆಲ ಮಳೆ ನೋಡಿ ರಾಗಿ ಬಿತ್ತುವ ಖುಷ್ಕಿ. 1930ರ ದಶಕದಲ್ಲಿ ನಾಲೆ ಹರಿಯಿತು, 1933ರಲ್ಲಿ ಸಕ್ಕರೆ ಕಂಪನಿ ಹುಟ್ಟಿತು, ಕಬ್ಬು ಎದ್ದು ನಿಂತಿತು. ಮಣ್ಣು ಅದೇ, ರೈತನೂ ಅವನೇ. ಬಂದದ್ದು ನೀರು ಮಾತ್ರ.

ಮಂಡ್ಯದಿಂದ ಮದ್ದೂರಿಗೆ ಇಪ್ಪತ್ತು ಕಿಲೋಮೀಟರು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಎರಡೂ ಊರುಗಳನ್ನು ಬದಿಗಿಟ್ಟು ಹೋಗುತ್ತದೆ. ವಡೆ ತಿನ್ನಬೇಕೆಂದರೆ ಈಗ ಮನಸ್ಸು ಮಾಡಿ ಇಳಿಯಬೇಕು. ಹಳೆಯ ರಸ್ತೆಯಲ್ಲಿ ಹೋದವರಿಗೆ ಬೇರೊಂದು ಬದಲಾವಣೆ ಕಾಣುತ್ತದೆ. ಊರಂಚಿನ ಗದ್ದೆಗಳು ಸೈಟುಗಳಾಗಿ, ಸೈಟುಗಳಿಗೆ ಕಲ್ಲು ನೆಟ್ಟು ತಂತಿ ಎಳೆಯಲಾಗಿದೆ. ಓಣಿಗಳಿಗೆ ಕಾಂಕ್ರೀಟು ಬಿದ್ದಿದೆ. ಓಡಾಟಕ್ಕೆ ಅನುಕೂಲವೇ ಸರಿ, ಆದರೆ ಕಾಂಕ್ರೀಟಿನಲ್ಲಿ ಗೋಲಿಯ ಗುಳಿ ತೋಡಲು ಬಾರದು. ಮಕ್ಕಳು ಮೊಬೈಲಿಗೆ ಅಂಟಿಕೊಂಡಿದ್ದಾರೆ ಎಂದು ದೂರುವವರು ಮಣ್ಣು ಎಲ್ಲಿ ಹೋಯಿತೆಂದೂ ಒಮ್ಮೆ ಕೇಳಿಕೊಳ್ಳಬೇಕು.

ಕೊನೆಯ ಭಾಗ

ಮದ್ದೂರಿನಿಂದ ತಿರುಗಿ ಮಳವಳ್ಳಿ ಕಡೆ ಹೊರಟರೆ ನಾಲೆಯ ಕೊನೆಯ ಭಾಗ. ನೀರು ಇಲ್ಲಿಗೆ ತಡವಾಗಿ ಬರುತ್ತದೆ, ಕೆಲವು ವರ್ಷ ಬರುವುದೇ ಇಲ್ಲ ಎಂಬುದು ರೈತರ ಹಳೆಯ ಅಳಲು. ಆಟದ ಸೌಲಭ್ಯದ ಕಥೆಯೂ ಹೀಗೆಯೇ. ರಾಜಧಾನಿಯಲ್ಲಿ ಹೊರಟದ್ದು ಜಿಲ್ಲಾ ಕೇಂದ್ರದಲ್ಲಿ ತೆಳುವಾಗಿ, ಹಳ್ಳಿ ಶಾಲೆ ಮುಟ್ಟುವ ಹೊತ್ತಿಗೆ ಒಂದು ವಾಲಿಬಾಲಾಗಿ ಉಳಿಯುತ್ತದೆ.

ಆದರೂ ಕೊನೆಯ ಭಾಗದಲ್ಲೂ ಬೆಳೆ ಬರುವುದುಂಟು. ಮಳವಳ್ಳಿಯ ನೆರೆಯ ಟಿ. ನರಸೀಪುರ ತಾಲೂಕಿನಲ್ಲಿ ಕುರುಬೂರು ಎಂಬ ಹಳ್ಳಿಯಿದೆ. ಅಲ್ಲಿನ ಬಿ. ಚೈತ್ರಾ ಶಾಲೆಯ ಮೈದಾನದಲ್ಲಿ ಖೋ ಖೋ ಕಲಿತವರು. ಖೋ ಖೋಗೆ ಬೇಕಾದದ್ದು ಎರಡು ಕಂಬ, ಒಂದಿಷ್ಟು ನೆಲ, ಬಿಸಿಲಿಗೆ ಬೇಸರಿಸದ ಒಬ್ಬ ಮೇಷ್ಟ್ರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಾಗ ಚೈತ್ರಾ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜ್ಯ ಸರ್ಕಾರ ಕರ್ನಾಟಕದ ಆಟಗಾರರಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದಾಗ ಅವರು ಅದನ್ನು ಒಪ್ಪಲಿಲ್ಲ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ರೂಪಾಯಿಯ ಜೊತೆಗೆ ಸರ್ಕಾರಿ ಕೆಲಸವನ್ನೂ ಕೊಡುತ್ತಿರುವುದನ್ನು ತೋರಿಸಿ, ತಮಗೂ ನ್ಯಾಯ ಬೇಕೆಂದರು. ಮಂಡ್ಯದ ಓಣಿಯ ತಾಯಿ ಕೇಳಿದ ಪ್ರಶ್ನೆಯನ್ನೇ ವಿಶ್ವಕಪ್ ಗೆದ್ದವರೂ ಕೇಳಿದ್ದರು: ಆಟದಿಂದ ಹೊಟ್ಟೆ ತುಂಬುತ್ತದೆಯೇ?

ಎಲ್ಲರಿಗೂ ತುಂಬುವುದಿಲ್ಲ. ಹಾಗೆಂದು ಹೇಳುವುದೇ ಪ್ರಾಮಾಣಿಕತೆ. ಓದನ್ನು ಬಿಟ್ಟು ಆಡು ಎಂದು ಯಾವ ತಿಳಿದವರೂ ಹೇಳಲಾರರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಗೆದ್ದವರೂ ಉದ್ಯೋಗ ಬಿಟ್ಟವರಲ್ಲ, ಕೆಲಸದ ಜೊತೆಗೆ ಆಟವನ್ನೂ ಉಳಿಸಿಕೊಂಡವರು. ಓದುವ ಮಗುವಿಗೆ ಸಂಜೆ ಒಂದು ಗಂಟೆ ಬಿಟ್ಟುಕೊಡುವುದು ಅಪ್ಪ ಅಮ್ಮನ ಕೈಯಲ್ಲಿದೆ. ಆ ಒಂದು ಗಂಟೆಗೆ ಒಂದಿಷ್ಟು ನೆಲ ಉಳಿಸಿಕೊಡುವುದು ಊರಿನ ಕೈಯಲ್ಲಿದೆ.

ಮಳವಳ್ಳಿಯಲ್ಲಿ ಹೊತ್ತು ಮುಳುಗುವಾಗ ಖಾಲಿ ಸೈಟೊಂದರಲ್ಲಿ ನಾಲ್ಕು ಹುಡುಗರು ಗುಳಿ ತೋಡುತ್ತಿರುತ್ತಾರೆ. ತಂತಿಬೇಲಿಯಾಚೆ ನಿಂತ ಐದನೆಯವನು ನೋಡುತ್ತಾ ಇರುತ್ತಾನೆ. ಒಬ್ಬ ತಲೆಯೆತ್ತಿ 'ಗೋಲಿ ಅದೇನ್ಲಾ?' ಅನ್ನುತ್ತಾನೆ. ಇವನು ಇಲ್ಲವೆಂದು ತಲೆಯಾಡಿಸಿದರೆ ಅವನೇ ಜೇಬಿನಿಂದ ಎರಡು ತೆಗೆದು ಕೊಡುತ್ತಾನೆ. ಸಂಘಕ್ಕೆ ಇನ್ನೊಬ್ಬ ಸದಸ್ಯ ಸೇರಿದ. ಸೈಟಿನಲ್ಲಿ ಮನೆ ಏಳುವವರೆಗೆ ಇನ್ನೂ ಕೆಲವರು ಸೇರಿಯಾರು.