ಒಡಹುಟ್ಟದ ಮೂವರು

ಪುಪ್ಪಿನಿ ಸಿಸ್ಟರ್ಸ್ ಎಂಬ ಹೆಸರಿದ್ದರೂ ಅವರು ಅಕ್ಕತಂಗಿಯರಲ್ಲ. 2003ರ ಆನಿಮೇಷನ್ ಚಿತ್ರ ‘ದಿ ಟ್ರಿಪ್ಲೆಟ್ಸ್ ಆಫ್ ಬೆಲ್‌ವಿಲ್’ನ ಹಾಡುಗಾರ್ತಿಯರಿಗೆ ಮನಸೋತ ಇಟಲಿಯ ಮಾರ್ಚೆಲ್ಲಾ ಪುಪ್ಪಿನಿ, ಮರುವರ್ಷ ಲಂಡನ್ನಿನಲ್ಲಿ ಇನ್ನಿಬ್ಬರನ್ನು ಜತೆಮಾಡಿಕೊಂಡು ಕಟ್ಟಿದ ತಂಡವಿದು.

ಅವರು ಕೈಗೆತ್ತಿಕೊಂಡದ್ದು 1930–40ರ ದಶಕಗಳ ಅಮೆರಿಕದ ಕ್ಲೋಸ್ ಹಾರ್ಮನಿ. ನಮ್ಮ ಭಜನೆಯಲ್ಲಿ ಕೂಡಿ ಹಾಡುವವರೆಲ್ಲ ಒಂದೇ ಸ್ವರಕ್ಕೆ ಬಂದು ಸೇರುತ್ತಾರೆ. ಇಲ್ಲಿ ಮೂವರದು ಮೂರು ಸ್ವರ. ಆದರೆ ಒಂದಕ್ಕೊಂದು ಒತ್ತಿಕೊಂಡೇ ಸಾಗುತ್ತವೆ. ಅಷ್ಟು ಹತ್ತಿರವಿದ್ದಾಗ ಒಬ್ಬಳ ‘ಆ’ಕಾರ ತುಸು ಅಗಲವಾದರೂ ಕಿವಿಗೆ ಚುಚ್ಚುತ್ತದೆ.

ನ್ಯೂ ಆರ್ಲಿಯನ್ಸಿನ ಬಾಸ್‌ವೆಲ್ ಸೋದರಿಯರಿಗೆ, ಮಿನಿಯಾಪೊಲಿಸ್ಸಿನ ಆಂಡ್ರ್ಯೂಸ್ ಸೋದರಿಯರಿಗೆ ಈ ಕಷ್ಟ ಅರ್ಧದಷ್ಟು ಕಡಿಮೆಯಿದ್ದೀತು: ಒಂದೇ ಮನೆ, ಒಂದೇ ಉಚ್ಚಾರ. ಪುಪ್ಪಿನಿ ತಂಡ ಅದನ್ನು ತಾಲೀಮಿನಲ್ಲೇ ಗಳಿಸಬೇಕು. ಎಲ್ಲಿ ಉಸಿರೆಳೆಯಬೇಕು, ಪದದ ಕೊನೆಯ ವ್ಯಂಜನವನ್ನು ಯಾವ ಕ್ಷಣ ಮುಗಿಸಬೇಕು, ಎಲ್ಲವೂ ಮಾತಾಡಿಕೊಂಡೇ ಆಗಬೇಕು. ನಡುವಿನ ದನಿಯವಳ ಪಾಡಂತೂ ಕೇಳಬೇಡಿ. ಅವಳ ಪಾಲನ್ನು ಒಂಟಿಯಾಗಿ ಹಾಡಿದರೆ ಎಷ್ಟೋ ಸಲ ಅದು ಹಾಡೆಂದೇ ಅನ್ನಿಸದು. ಚೆನ್ನಾಗಿ ಹಾಡಿದಷ್ಟೂ ಅವಳು ಬೇರೆಯಾಗಿ ಕೇಳಿಸುವುದಿಲ್ಲ.

ಹಳೆಯ ಕಾಲದ ಉಡುಪು, ಕೆಂಪು ತುಟಿ ನೋಡಿ ಇದು ಬರೀ ವೇಷ ಎಂದು ಮೂಗುಮುರಿಯುವವರಿದ್ದಾರೆ. ಅವರು 2006ರ ಮೊದಲ ಆಲ್ಬಮ್ಮಿನ ‘ವದರಿಂಗ್ ಹೈಟ್ಸ್’ ಕೇಳಬೇಕು. 1978ರಲ್ಲಿ ಕೇಟ್ ಬುಷ್ ಹಾಡಿದ, ಸತ್ತವಳೊಬ್ಬಳು ಕಿಟಕಿಯಾಚೆಯಿಂದ ಕರೆಯುವ ಹಾಡದು. ಇಲ್ಲಿ ಆ ಕರೆಯನ್ನು ಮೂರು ದನಿಗಳು ಹಂಚಿಕೊಂಡಿವೆ. ಕಿಟಕಿಯಾಚೆ ನಿಂತವಳು ಯಾರೆಂದು ಗುರುತು ಹಿಡಿಯುವುದೇ ಕಷ್ಟ.