ಚಿತ್ರದ ಕ್ರಯ

ಮಲ್ಲಿಗೆಯ ಅಟ್ಟೆಗೆ ಇಂದು ಎಷ್ಟು ಕ್ರಯವೆಂಬದನ್ನು ಮೂಡುಬಿದಿರೆಯ ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುವರು. ಸಾವಿರ ಬೀಡಿಗೆ ಎಷ್ಟು ಮಜೂರಿಯೆಂಬದು ಬಂಟ್ವಾಳದ ಹೆಂಗಸರಿಗೆ ಬಾಯಿಪಾಠ. ಆದರೆ ಕೈಯಿಂದ ಬರೆದ ಚಿತ್ರಕ್ಕೆ ಎಷ್ಟೆಂದು ಕೇಳಿದರೆ ಬರೆದವಳೇ ತಲೆ ತಗ್ಗಿಸುತ್ತಾಳೆ. ಬೆಳ್ತಂಗಡಿ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈ ಕಷ್ಟ ಒದಗಿದೆ. ನೆಂಟರು ಮದುವೆಯ ಉಡುಗೊರೆಗೆಂದು ಅವಳಿಂದ ಚಿತ್ರ ಬರೆಯಿಸಿ, "ಮನೆಯಲ್ಲೇ ಕುಳಿತು ಬರೆದದ್ದಲ್ಲವೇ, ಬಣ್ಣದ ಹಣ ಕೊಟ್ಟರೆ ಸಾಲದೇ?" ಎನ್ನುತ್ತಾರಂತೆ. ರವಕೆ ಹೊಲಿದವಳಿಗೆ ನೂಲಿನ ಹಣ ಮಾತ್ರ ಕೊಟ್ಟು ಕಳುಹಿಸುವವರನ್ನು ನಾವು ಕಾಣೆವು.

ಅನೇಕ ಚಿತ್ರಕಾರರು ಅನುಸರಿಸುವ ಕ್ರಮ ಒಂದುಂಟು. ಚಿತ್ರದ ಉದ್ದಗಲಗಳನ್ನು ಗುಣಿಸಿ, ಚದರ ಅಂಗುಲಕ್ಕೆ ಇಷ್ಟೆಂದು ದರ ಕಟ್ಟುತ್ತಾರೆ. 12 ಅಂಗುಲ ಅಗಲ, 16 ಅಂಗುಲ ಉದ್ದದ ಚಿತ್ರವೆಂದರೆ 192 ಚದರ ಅಂಗುಲ. ಅಂಗುಲಕ್ಕೆ 15 ರೂಪಾಯಿಯಂತೆ 2,880 ರೂಪಾಯಿ. ಚೌಕಟ್ಟಿನ ಖರ್ಚು ಬೇರೆ. (ಕ್ಷೇತ್ರಫಲದ ಲೆಕ್ಕ ಯಾತಕ್ಕೆ ಟೀಚರ್ ಎಂದು ಕೇಳುವ ಬಾಲಿಕೆಯರು ಗಮನಿಸಲಿ.) ಈ 15 ನಾವು ಉದಾಹರಣೆಗೆ ಇಟ್ಟದ್ದು. ನಿಜವಾದ ದರ ಸಿಗಬೇಕಾದರೆ ಕ್ಯಾನ್ವಾಸು, ಬಣ್ಣ, ಕುಂಚಗಳ ವೆಚ್ಚವನ್ನೂ ಕುಳಿತು ಬರೆದ ದಿನಗಳ ಕೂಲಿಯನ್ನೂ ಕೂಡಿಸಿ ಭಾಗಿಸಿ ನೋಡತಕ್ಕದ್ದು. ಕೂಲಿಯನ್ನು ಬಿಟ್ಟು ಲೆಕ್ಕ ಹಾಕುವದು ನಮ್ಮ ಹುಡುಗಿಯರ ಅಭ್ಯಾಸ.

ಈ ಕ್ರಮಕ್ಕೂ ಕುಂದುಂಟು. ಅಂಗೈಯಗಲದ ಚಿತ್ರಕ್ಕೆ ಕ್ರಯ ತೀರ ಇಳಿಯುತ್ತದೆ, ಗೋಡೆಯಗಲದ್ದಕ್ಕೆ ಮಿತಿಮೀರಿ ಏರುತ್ತದೆ. ಆದುದರಿಂದ ಕೆಲವರು ಉದ್ದಗಲಗಳನ್ನು ಗುಣಿಸದೆ ಕೂಡಿಸಿ ದರ ಕಟ್ಟುತ್ತಾರೆ. ಮೂಡುಬಿದಿರೆಯಲ್ಲಿರುವ ಧವಲಾ ಗ್ರಂಥದ 12ನೆಯ ಶತಮಾನದ ಚಿತ್ರಗಳು ತಾಳೆಗರಿಯ ಅಗಲವನ್ನು ಮೀರಿದವುಗಳಲ್ಲ. ಅವು ಮಾರಾಟಕ್ಕೆಂದು ಬರೆದವುಗಳೂ ಅಲ್ಲ. ಆದರೂ ಅಳತೆಗೋಲು ಹಿಡಿದು ಅವುಗಳ ಬೆಲೆ ಹೇಳಹೊರಟವನನ್ನು ಕಂಡು ಊರೇ ನಕ್ಕೀತು.

ಹಣದ ಮಾತನ್ನು ಮೊದಲೇ ಆಡುವದು ಸಂಕೋಚದ ವಿಷಯವೆಂದು ಅನೇಕರು ಎಣಿಸುತ್ತಾರೆ. ಮೈಸೂರು ಸಂಸ್ಥಾನದ ಪ್ರಸಿದ್ಧ ಚಿತ್ರಕಾರರಾದ ಕೆ. ವೆಂಕಟಪ್ಪನವರು (1886–1965) ಅರಮನೆಗಾಗಿ ಉಬ್ಬುಚಿತ್ರಗಳನ್ನು ಮಾಡಿದರು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ಬಳಿಕ ಆ ಕೆಲಸದ ಸಂಭಾವನೆಯ ಮಾತು ನ್ಯಾಯಾಲಯದ ವರೆಗೆ ಹೋಯಿತು. ಅಂಥವರಿಗೇ ಹೀಗಾದ ಮೇಲೆ, ನಮ್ಮ ಹುಡುಗಿ ನೆಂಟರಿಂದಲೂ ಒಂದು ಚೀಟಿ ಬರೆಯಿಸಿ ಅರ್ಧ ಹಣವನ್ನು ಮುಂಗಡವಾಗಿ ಪಡೆದರೆ ಅದರಲ್ಲಿ ಏನು ಅಮರ್ಯಾದೆ?

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನವರು ವರ್ಷವರ್ಷ ನಡೆಸುವ ಚಿತ್ರಸಂತೆಗೆ ಅವಳು ಒಮ್ಮೆ ಹೋಗಿಬರಲಿ. ಅಲ್ಲಿ ಚಿತ್ರಕಾರರು ತಮ್ಮ ಚಿತ್ರಗಳ ಬಳಿಯಲ್ಲಿ ತಾವೇ ನಿಂತು ಮಾರುತ್ತಾರೆ. ನೂರು ರೂಪಾಯಿಯ ಚಿತ್ರವೂ ಲಕ್ಷ ರೂಪಾಯಿಯ ಚಿತ್ರವೂ ಒಂದೇ ಬೀದಿಯಲ್ಲಿರುತ್ತವೆ. ತನ್ನಷ್ಟೇ ಅನುಭವವುಳ್ಳವರು ಎಷ್ಟು ಕೇಳುತ್ತಾರೆಂದು ನೋಡಿಕೊಳ್ಳಬಹುದು. ಚಿತ್ರಶಾಲೆಯ ಮೂಲಕ ಮಾರಿದರೆ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅರ್ಧವೇ, ಅವರಿಗೆ ಸಲ್ಲುವದುಂಟು. ಹಾಗೆಂದು ಮನೆಗೆ ಬಂದವರಿಗೆ ಬೇರೆ ಕ್ರಯ ಹೇಳಬಾರದು. ಬೇಡಿಕೆ ಕಂಡು ಸ್ವಲ್ಪಸ್ವಲ್ಪವಾಗಿ ಏರಿಸಬಹುದು. ಇಳಿಸಿದರೆ ಹಿಂದೆ ಕೊಂಡವರು ಮೋಸಹೋದೆವೆಂದು ಎಣಿಸುತ್ತಾರೆ.

ಚಿತ್ರ ಕೊಂಡವರಿಗೆ ಅದನ್ನು ಅಚ್ಚುಹಾಕಿಸುವ ಹಕ್ಕೂ ಬಂತೆಂದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಬರಹದಲ್ಲಿ ಬಿಟ್ಟುಕೊಡದ ಹೊರತು ಅದು ಸಾಮಾನ್ಯವಾಗಿ ಬರೆದವರದೇ; ಕ್ಯಾಲೆಂಡರಿಗೆ ಬೇಕೆಂದರೆ ಬೇರೆ ಹಣ ಕೊಡತಕ್ಕದ್ದು. ಹಣ ಕೊಟ್ಟು ಹೇಳಿ ಬರೆಯಿಸಿದ ಚಿತ್ರಕ್ಕಾಗಲಿ ಭಾವಚಿತ್ರಕ್ಕಾಗಲಿ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಕ್ಕು ಬರೆಯಿಸಿದವರಿಗೆ ಸೇರುತ್ತದೆ. ಆದುದರಿಂದ ಯಾರಾದರೂ ಅಜ್ಜನ ಭಾವಚಿತ್ರ ಬರೆಯೆಂದು ಬಂದರೆ ಅವಳು ದರವನ್ನು ತುಸು ಏರಿಸಿಯೇ ಹೇಳಲಿ.