ದೊಣ್ಣೆಗೂ ವರುಷ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಗಾದೆ ಎಷ್ಟು ನಿಜ ಎಂಬುದನ್ನು ರಾಜಾಜಿನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ದಿನವೂ ಕಾಣಬಹುದು. ನಲವತ್ತು ವರ್ಷ ಒಂದು ಸಂಸಾರ ಬಾಳಿದ ಮನೆ ಸೋಮವಾರ ಇರುತ್ತದೆ. ಜೆಸಿಬಿ ಬಂತೆಂದರೆ ಗುರುವಾರಕ್ಕೆ ಖಾಲಿ ಸೈಟು. ಬಾಗಿಲು ಕಿಟಕಿ ಹಳೆ ಮರದ ಅಂಗಡಿಗೆ, ಕಬ್ಬಿಣ ಗುಜರಿಗೆ, ಇಟ್ಟಿಗೆ ಚೂರು ಯಾವುದೋ ಹಳ್ಳಕ್ಕೆ. ಅಲ್ಲಿಗೆ ಲೆಕ್ಕ ಚುಕ್ತಾ.

ಈ ಗಾದೆಯನ್ನೇ ಹಿಡಿದು ಬಸವೇಶ್ವರನಗರದ ಒಂದು ಮನೆಯಲ್ಲಿ ಅಪ್ಪ ಮಗಳ ನಡುವೆ ವಾದ ನಡೆಯಿತು. ಅಪ್ಪನಿಗೆ ಕಾಮಾಕ್ಷಿಪಾಳ್ಯದಲ್ಲಿ ಎರಡು ಲೇತ್ ಯಂತ್ರಗಳ ಸಣ್ಣ ಶೆಡ್ಡು. ಮಗಳು ಎರಡನೆಯ ಪಿಯುಸಿ ಮುಗಿಸಿದ್ದಳು. ಮನೆಯವರೆಲ್ಲ ಕಂಪ್ಯೂಟರ್ ಸೈನ್ಸ್ ಎಂದು ತೀರ್ಮಾನಿಸಿ ಕುಳಿತಿದ್ದಾಗ ಆಕೆ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟಳು.

"ಅಪ್ಪ, ನಾನು ಬಿ.ಎಸ್ಸಿ. ಫಿಸಿಕ್ಸ್ ತಗೋತೀನಿ. ಆಮೇಲೆ ವಿಕಿರಣ ಸುರಕ್ಷತೆ ಓದ್ಬೇಕು. ಹಳೇ ಅಣು ಸ್ಥಾವರ ಮುಚ್ತಾರಲ್ಲ, ಅಲ್ಲಿ ಅಳತೆ ನೋಡೋ ಕೆಲಸ."

"ಎಲ್ಲರೂ ಕಟ್ಟೋದಕ್ಕೆ ಓದಿದ್ರೆ ನೀನು ಕೆಡವೋದಕ್ಕೆ ಓದ್ತೀಯೇನೇ? ಕೆಡವೋದು ಎಷ್ಟು ದಿನದ ಕೆಲಸ?"

"ನೂರು ವರ್ಷದ್ದು" ಎಂದಳು ಮಗಳು.

ಅವಳು ಹೇಳಿದ್ದು ಉತ್ಪ್ರೇಕ್ಷೆಯೇನೂ ಅಲ್ಲ. ನಮ್ಮ ಉತ್ತರ ಕನ್ನಡದ ಕೈಗಾವನ್ನೇ ನೋಡೋಣ. ಅಲ್ಲಿನ ಮೊದಲ ಘಟಕದ ನಿರ್ಮಾಣ 1989ರಲ್ಲಿ ಆರಂಭವಾಯಿತು. ಅದು 2000ದಲ್ಲಿ ವಿದ್ಯುತ್ ಕೊಡತೊಡಗಿತು. ಕುಂಬಾರನಿಗೆ ಹನ್ನೊಂದು ವರುಷ ಹಿಡಿಯಿತು. ಇದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಆದರೆ ಯಾವ ಯಂತ್ರವೂ ಚಿರಂಜೀವಿಯಲ್ಲ. ನಲವತ್ತು ವರ್ಷ ನಡೆಯಿತೆಂದು ಇಟ್ಟುಕೊಂಡರೆ 2040 ಬರುತ್ತದೆ. ಅಂದು ಜೆಸಿಬಿ ಕಳಿಸಲು ಸಾಧ್ಯವೇ?

ಸಾಧ್ಯವಿಲ್ಲ. ಮೊದಲು ಇಂಧನವನ್ನು ತೆಗೆಯಬೇಕು, ಭಾರಜಲವನ್ನು ಬಸಿಯಬೇಕು. ಅಷ್ಟಾದರೂ ಉಕ್ಕಿನ ಕೊಳವೆಗಳೇ ವಿಕಿರಣ ಸೂಸುತ್ತಿರುತ್ತವೆ. ವರ್ಷಗಟ್ಟಲೆ ನ್ಯೂಟ್ರಾನ್‌ಗಳ ಹೊಡೆತ ತಿಂದ ಲೋಹದಲ್ಲಿ ಕೋಬಾಲ್ಟ್-60 ಹುಟ್ಟಿರುತ್ತದೆ. ಅದರ ಅರ್ಧಾಯು ಸುಮಾರು 5.3 ವರ್ಷ. ಅಷ್ಟು ಕಾಲಕ್ಕೆ ಅರ್ಧ, ಮತ್ತಷ್ಟು ಕಾಲಕ್ಕೆ ಕಾಲು, ಹೀಗೆ ಇಳಿಯುತ್ತ ಹತ್ತು ಅರ್ಧಾಯು, ಅಂದರೆ 53 ವರ್ಷ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ವಿದ್ಯಾರ್ಥಿಗಳು ಎರಡನ್ನು ಹತ್ತು ಸಲ ಗುಣಿಸಿ ನೋಡಬಹುದು: 1,024. ಹೀಗೆ ಕಾಯುವುದೂ ಒಂದು ಕೆಲಸವೇ. ಕಾದಷ್ಟೂ ಒಳಗೆ ಇಳಿಯುವ ಕೆಲಸಗಾರನಿಗೆ ಅಪಾಯ ಕಡಿಮೆ. 2040ಕ್ಕೆ 53 ಕೂಡಿಸಿದರೆ 2093! ಅಪ್ಪ ಊಟದ ತಟ್ಟೆಯ ಮುಂದೆಯೇ ಲೆಕ್ಕ ಹಾಕಿ ಸುಮ್ಮನಾದರು.

ದೇಶದೊಳಗೆ ಇದಕ್ಕೆ ಉದಾಹರಣೆಯೂ ಇದೆ. ರಾಜಸ್ಥಾನದ ರಾವತ್‌ಭಾಟಾದ ಮೊದಲ ಘಟಕ 2004ರಿಂದ ನಿಂತಿದೆ. ಇಂಧನ ತೆಗೆದಾಗಿದೆ, ಆದರೂ ನಿಗಾ ತಪ್ಪಿಲ್ಲ. ಜಪಾನಿನ ಫುಕುಶಿಮಾದ ಕಥೆ ಇನ್ನೂ ಕಠಿಣ. 2011ರ ಸುನಾಮಿಯಲ್ಲಿ ಕರಗಿದ ಇಂಧನದ ರಾಶಿ ಸುಮಾರು 880 ಟನ್ ಎಂದು ಅಂದಾಜು. 2024ರ ನವೆಂಬರಿನಲ್ಲಿ ಮೊದಲ ಬಾರಿಗೆ ಹೊರತೆಗೆದ ಮಾದರಿ ಒಂದು ಗ್ರಾಮ್ ಕೂಡ ಇರಲಿಲ್ಲ.

ಇಷ್ಟು ಹೊತ್ತು ಕೇಳುತ್ತಿದ್ದ ಅಮ್ಮನಿಗೆ ಬೇರೆಯೇ ಚಿಂತೆ. "ಅಂಥ ಜಾಗಕ್ಕೆ ಹೆಣ್ಣುಮಗುನ ಕಳಿಸೋದೇ?" ಈ ಭಯವನ್ನು ತಪ್ಪೆನ್ನಲಾಗದು. 2009ರ ನವೆಂಬರಿನಲ್ಲಿ ಕೈಗಾದಲ್ಲೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಹೊಕ್ಕಿತ್ತು. ಮಗಳು ಅದನ್ನು ಮುಚ್ಚಿಡಲಿಲ್ಲ. "ಅದು ಗೊತ್ತಾಗಿದ್ದು ಹೇಗಮ್ಮ? ವಾಡಿಕೆಯಂತೆ ಮಾಡೋ ಮೂತ್ರ ಪರೀಕ್ಷೆಯಿಂದ. ಅಳತೆ ಮಾಡೋರು ಇಲ್ದಿದ್ರೆ ಯಾರಿಗೂ ತಿಳೀತಾನೇ ಇರಲಿಲ್ಲ."

ಅಳತೆಗೆ ಕಟ್ಟುನಿಟ್ಟಿನ ಮಿತಿಗಳಿವೆ. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ಕೆಲಸಗಾರನಿಗೆ ಐದು ವರ್ಷದಲ್ಲಿ ಒಟ್ಟು 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರಕೂಡದು. ಸಾರ್ವಜನಿಕರಿಗೆ ವರ್ಷಕ್ಕೆ ಒಂದೇ. ಎದೆಯ ಮೇಲಿನ ಬ್ಯಾಡ್ಜು ಆ ಲೆಕ್ಕ ಬರೆಯುತ್ತದೆ. ಸ್ಥಾವರದ ಸುತ್ತಲಿನ ನೀರು, ಮಣ್ಣು, ಹಾಲು, ಮೀನುಗಳನ್ನೂ ಪರೀಕ್ಷಿಸುತ್ತಾರೆ.

ಇಲ್ಲಿ ಕೆಲಸದ ಪ್ರಗತಿಯನ್ನು ಅಳೆಯುವ ರೀತಿಯೂ ವಿಚಿತ್ರ. ಎಷ್ಟು ಗೋಡೆ ಉರುಳಿತು ಎಂದರೆ ಸಾಲದು. ಎಷ್ಟು ವಿಕಿರಣ ವಸ್ತು ಸುರಕ್ಷಿತ ಪೆಟ್ಟಿಗೆ ಸೇರಿತು, ಅದಕ್ಕಾಗಿ ಎಷ್ಟು ಜನರ ಮೈಗೆ ಎಷ್ಟು ತಾಗಿತು, ಇನ್ನೆಷ್ಟು ಉಳಿಯಿತು ಎಂದು ಕೇಳಬೇಕು. ಅವಸರ ಮಾಡಿದರೆ ಕೆಲಸಗಾರನಿಗೆ ಕೇಡು. ತೀರ ತಡಮಾಡಿದರೆ ವಿಷಯ ತಿಳಿದವರೆಲ್ಲ ನಿವೃತ್ತರಾಗಿ, ಕಾಗದಪತ್ರ ಗೆದ್ದಲು ಹಿಡಿದಿರುತ್ತದೆ.

ಮರೆವು ಎಷ್ಟು ದುಬಾರಿ ಎಂಬುದು 2010ರಲ್ಲಿ ದೆಹಲಿಯಲ್ಲಿ ತಿಳಿಯಿತು. ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದಶಕಗಳ ಕಾಲ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಯಂತ್ರವನ್ನು ಹರಾಜು ಹಾಕಿದರು. ಒಳಗಿದ್ದದ್ದು ಕೋಬಾಲ್ಟ್-60. ಅದು ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಬಿಚ್ಚಿದವರಿಗೆ ಮೈ ಸುಟ್ಟಿತು, ಕೂದಲು ಉದುರಿತು. ಒಬ್ಬ ಕೆಲಸಗಾರ ಜೀವವನ್ನೇ ಕಳೆದುಕೊಂಡ. ಅದೊಂದು ಅಣು ಸ್ಥಾವರವಲ್ಲ, ಕೋಣೆಯ ಮೂಲೆಯಲ್ಲಿದ್ದ ಒಂದು ಸಾಧನ ಅಷ್ಟೇ.

ಗುಜರಿ ಎಂಬ ಮಾತು ಬಂದೊಡನೆ ಅಪ್ಪ ತಲೆಯೆತ್ತಿದರು. ತಿಂಗಳಿಗೊಮ್ಮೆ ಹಳೆ ಉಕ್ಕಿನ ತುಂಡುಗಳನ್ನು ತೂಕಕ್ಕೆ ಕೊಳ್ಳುವವರು ಅವರು. ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿದವರಲ್ಲ.

"ಅಂದ್ರೆ ನೀನು ಮಾಡೋದು ಕೆಡವೋ ಕೆಲಸ ಅಲ್ಲ. ಲೆಕ್ಕ ಒಪ್ಪಿಸೋ ಕೆಲಸ."

"ಹೌದಪ್ಪ. ನಾನು ಬರೆದಿಟ್ಟಿದ್ದನ್ನ ನನ್ನ ಮೊಮ್ಮಗಳ ವಯಸ್ಸಿನೋರು ಓದ್ಬೇಕು."

ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಬಿ.ಎಸ್ಸಿ. ಅರ್ಜಿಗೆ ಮಾತ್ರ ಅಪ್ಪನ ರುಜು ಬಿತ್ತು. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಈಗ ಗಣಪತಿಯ ಕ್ಯಾಲೆಂಡರಿನ ಪಕ್ಕ ಮಗಳ ಕೈಯಿಂದ ಬಿಡಿಸಿದ ಒಂದು ಚಿತ್ರವಿದೆ: ಹಳದಿ ಬಣ್ಣದ ಮೇಲೆ ಮೂರು ಕಪ್ಪು ದಳ, ನಡುವೆ ಒಂದು ಚುಕ್ಕೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದೆ: "ಈ ಗುರುತು ಕಂಡರೆ ಮುಟ್ಟಬೇಡಿ, ಬಿಚ್ಚಬೇಡಿ. ದೂರ ನಿಂತು ಪೊಲೀಸರಿಗೆ ತಿಳಿಸಿ." ಗುಜರಿ ಸಾಮಾನು ತಂದಿಳಿಸುವ ಹುಡುಗರಿಗೆ ಅಪ್ಪ ಮೊದಲು ಅದನ್ನು ಓದಿಸುತ್ತಾರೆ, ಆಮೇಲೆ ತಕ್ಕಡಿ.